ಅರ್ಧ ಸೇರು ಸಕ್ಕರೆಯ ಕ್ರಯ

೧೨-೧೨-೧೯೯೯, ಭಾನುವಾರ

ಈ ಡೈರಿಯನ್ನು ಸಿದ್ದಾಪುರದ ಗೊಬ್ಬರದ ಅಂಗಡಿಯವನು ಜನವರಿಯಲ್ಲೇ ಕೊಟ್ಟಿದ್ದ. ಹನ್ನೊಂದು ತಿಂಗಳು ಗೋಡೆಯ ಗೂಡಿನಲ್ಲಿ ಬಿದ್ದು ಒಂದು ಜೇಡನ ಸಂಸಾರಕ್ಕೆ ಮನೆಯಾಗಿತ್ತು. ಇವತ್ತು ಜೇಡನನ್ನು ಒಕ್ಕಲೆಬ್ಬಿಸಿ ನಾನು ಬಂದಿದ್ದೇನೆ. ಕಾರಣ ಇಷ್ಟೇ: ಇನ್ನು ಇಪ್ಪತ್ತು ದಿನಕ್ಕೆ ಪ್ರಪಂಚದ ಕಂಪ್ಯೂಟರುಗಳೆಲ್ಲ ಇಸವಿ ತಿಳಿಯದೆ ತಲೆಕೆಟ್ಟು ಕೂರುತ್ತವಂತೆ. ಎರಡು ಸೊನ್ನೆ ಕಂಡರೆ ಸಾವಿರದ ಒಂಬೈನೂರು ಎಂದುಕೊಳ್ಳುತ್ತವಂತೆ. ಆಗ ಹಳೆಯ ಕಾಲ ಬಲ್ಲವನನ್ನು ಹುಡುಕಿಕೊಂಡು ಸರಕಾರದ ಜೀಪೇ ಬರಬೇಕು. ನಮ್ಮೂರು ಮನ್ಮನೆಯ ಸುತ್ತಿನಲ್ಲಿ ಅಂಥವನು ನಾನೊಬ್ಬನೇ ಎಂದು ನಾನು ಹೇಳುವುದಿಲ್ಲ. ಊರು ಹೇಳುತ್ತದೆ. ಊರಿಗೆ ಹೇಳಿಕೊಟ್ಟವನು ನಾನು, ಅದು ಬೇರೆ ಮಾತು.

ಹೆಸರು ಕೆರಿಯಪ್ಪ, ವಯಸ್ಸು ಅರವತ್ತೆರಡು. ವಿದ್ಯೆ ಆರನೇ ಇಯತ್ತೆ. ಐದು ಪಾಸು, ಆರಕ್ಕೆ ಬರೀ ಹಾಜರಿ.

ಸಂಜೆ ಮಂಜಪ್ಪನ ಹೋಟೆಲಿನಲ್ಲಿ ನಮ್ಮದೊಂದು ಆಟ ಇದೆ. ಯಾರಾದರೂ ಒಂದು ಸಾಮಾನಿನ ಹೆಸರು ಕೂಗುವುದು, ನಾನು ಐವತ್ತನೇ ಇಸವಿಯ ಕ್ರಯ ಹೇಳುವುದು. ಬಂಗಾರ? ತೊಲೆಗೆ ನೂರು ರೂಪಾಯಿ. ಚಾ? ಒಂದಾಣೆ. ಅಕ್ಕಿ? ರೂಪಾಯಿಗೆ ಎಂಟು ಸೇರು. ಎಲ್ಲರೂ ಬಾಯಿ ಬಿಡುತ್ತಾರೆ, ಯಾರೋ ಒಬ್ಬ ನನ್ನ ಚಾದ ದುಡ್ಡು ಕೊಡುತ್ತಾನೆ. ಡೈರಿ ಎಂದ ಮೇಲೆ ನಿಜ ಬರೆಯಬೇಕು: ನನ್ನ ಹಳೆಯ ಕ್ರಯಗಳು ವರ್ಷಾವರ್ಷ ಇಳಿಯುತ್ತಿವೆ. ಐದು ವರ್ಷದ ಹಿಂದೆ ಅಕ್ಕಿಯನ್ನು ರೂಪಾಯಿಗೆ ನಾಲ್ಕು ಸೇರು ಎಂದೇ ಹೇಳುತ್ತಿದ್ದೆ. ಪೇಟೆಯಲ್ಲಿ ಏರಿದಷ್ಟು ನಾನು ಇಳಿಸುತ್ತೇನೆ. ಯಾರಾದರೂ ಇಳಿಸಬೇಕಲ್ಲ, ಸರಕಾರ ಅಂತೂ ಇಳಿಸುವುದಿಲ್ಲ.

೧೬-೧೨-೧೯೯೯, ಗುರುವಾರ

ಬಂತು ನೋಡಿ, ಜೀಪಲ್ಲ, ಸೈಕಲ್ಲು. ಹೈಸ್ಕೂಲಿನ ನಾಗಪತಿ ಮಾಸ್ತರು. ಜನವರಿ ಇಪ್ಪತ್ತಾರಕ್ಕೆ ಗಣರಾಜ್ಯಕ್ಕೆ ಐವತ್ತು ತುಂಬುತ್ತದಂತೆ, ಶಾಲೆಯ ಬಯಲಿನಲ್ಲಿ ಪೆಂಡಾಲು, ಮೈಕು, ಸಭೆ. "ಅಂದಿನ ದಿನ, ಅಂದಿನ ದರ ಎಂಬ ವಿಷಯದ ಮೇಲೆ ನೀವೇ ಮಾತಾಡಬೇಕು ಕೆರಿಯಪ್ಪನವರೇ. ಶಾಲು ಹೊದೆಸಿ ಸನ್ಮಾನವೂ ಇದೆ."

ನಾನು ಯೋಚಿಸಬೇಕು ಎಂದೆ. ಮೂರು ಗುಟುಕು ಚಾ ಕುಡಿಯುವಷ್ಟು ಹೊತ್ತು ಯೋಚಿಸಿದೆ. ಒಪ್ಪಿದೆ.

ಮಾಸ್ತರು ಹೋದ ಮೇಲೆ ಹೆಂಡತಿ ದುರ್ಗಮ್ಮ ಲೋಟ ಎತ್ತುತ್ತಾ, "ಶಾಲು ಉಣ್ಣೆದಾ, ಸುಮ್ನೆ ಝರಿದಾ?" ಎಂದು ಕೇಳಿದಳು.

"ಎಂತಕ್ಕೆ?"

"ಉಣ್ಣೆದಾದ್ರೆ ನಾ ಹೊದ್ಕತ್ತೆ. ಝರಿದಾದ್ರೆ ನೀವೇ ಹೊದ್ಕಂಡು ಮಂಜಪ್ಪನ ಹೋಟ್ಲಿಗೆ ಹೋಗಿ."

ತಮ್ಮನ ಮಗಳು ಪ್ರತಿಭಾ ಒಂಬತ್ತನೇ ಕ್ಲಾಸು. ತಾಲೂಕಿನ ಪ್ರಬಂಧ ಸ್ಪರ್ಧೆಗೆ 'ಐವತ್ತು ವರ್ಷದ ಹಿಂದೆ ನಮ್ಮೂರು' ಎಂದು ಬರೆಯಬೇಕಂತೆ. ಸಂಜೆ ನೋಟ್‌ಬುಕ್ ಹಿಡಿದುಕೊಂಡು ಬಂದಳು. ಜಗಲಿಯ ಮೇಲೆ ಕಾಲು ಮಡಿಚಿ ಕೂತು ನಾನು ಶುರು ಮಾಡಿದೆ. ಅಕ್ಕಿ ರೂಪಾಯಿಗೆ ಎಂಟು ಸೇರು.

ಒಳಗಿಂದ ದುರ್ಗಮ್ಮ: "ಅಕ್ಕಿ ಎಲ್ಲಿತ್ತು? ಅದು ಕಂಟ್ರೋಲ್ ಕಾಲ. ರೇಷನ್ ಕಾರ್ಡಿಗೆ ಮುಗ್ಗಲು ಜೋಳ ಕೊಡ್ತಿದ್ರು. ನಮ್ಮಪ್ಪ ಕಾಡಗೆಣಸು ಅಗೆದು ತರ್ತಿದ್ದ, ಅವ್ವ ಬೇಯ್ಸಿ ಹಾಕ್ತಿತ್ತು."

ಪ್ರತಿಭಾ ಅದನ್ನೂ ಬರೆದುಕೊಂಡಳು. ಸಣ್ಣ ಹುಡುಗಿ, ಯಾವುದನ್ನು ಬಿಡಬೇಕು ಎಂಬುದು ಇನ್ನೂ ತಿಳಿಯುವುದಿಲ್ಲ.

೨೦-೧೨-೧೯೯೯, ಸೋಮವಾರ

ಇವತ್ತು ಮನರಂಜನೆ ಮತ್ತು ಸುದ್ದಿ ವಿಭಾಗ. ಮೇಲಿನ ಕೇರಿಯ ಹೆಗಡೆಯವರ ಮನೆಯ ರೇಡಿಯೋ, ಇಟ್ಟಿಗೆಯಷ್ಟು ದೊಡ್ಡ ಅದರ ಬ್ಯಾಟರಿ, ದಿಲ್ಲಿಯ ತೋಪಿನ ಸದ್ದು ಅದರಲ್ಲಿ ಕೇಳಿದ್ದು, ಎಲ್ಲ ಹೇಳಿದೆ. ತೋಪೋ, ಬ್ಯಾಟರಿ ತೀರಿದ ಗೊರಗೊರವೋ ಹೇಳಲು ಬಾರದು. ಆಮೇಲೆ ಸಿದ್ದಾಪುರಕ್ಕೆ ಬಂದ ಟೆಂಟು ಸಿನೆಮಾ. ಕೇರಿಯಿಂದ ಮೊಟ್ಟಮೊದಲು ಸಿನೆಮಾ ನೋಡಿದವನು ನಾನು. ರಾಜ, ಕುದುರೆ, ಕಣ್ಣೀರಿನ ರಾಣಿ, ಕೊನೆಗೆ ಕೋಟೆಯ ಮೇಲೆ ಕತ್ತಿವರಸೆ. ಕತ್ತಿವರಸೆಗೆ ಎದ್ದು ನಿಂತು ಅಂಗಳ ಗುಡಿಸುವ ಹಿಡಿಸೂಡಿ ಬೀಸಿ ತೋರಿಸಿದೆ. ಐವತ್ತು ವರ್ಷದಿಂದ ಹೇಳುತ್ತಾ ಬಂದಿದ್ದೇನೆ, ಕತ್ತಿವರಸೆ ಮೊದಲು ಎರಡು ನಿಮಿಷ ಇತ್ತು, ಈಗ ಕಾಲು ಗಂಟೆ.

"ಹಾಸ್ಯದ್ದು ಎಂತಾರೂ ಇದ್ಯಾ ದೊಡ್ಡಪ್ಪಾ?" ಎಂದಳು ಹುಡುಗಿ. ಹಾಸ್ಯ ಎಂದರೆ ನಮ್ಮ ಕೇರಿಯಲ್ಲಿ ಒಂದೇ. ಉಪ್ಪು ಮಾಸ್ತಿಯ ಕಥೆ.

ಐವತ್ತನೇ ಇಸವಿ ಜನವರಿ ಇಪ್ಪತ್ತಾರು. ಸಿದ್ದಾಪುರದ ಶಾಲೆಯಲ್ಲಿ ಬಾವುಟ. ಆಗಿನ ದೊಡ್ಡ ಮಾಸ್ತರು ಪೇಟೆಯ ಮನೆಮನೆ ತಿರುಗಿ, ಕಂಟ್ರೋಲಿನ ಸಕ್ಕರೆಯಲ್ಲೇ ಒಂದೊಂದು ಮುಷ್ಟಿ ಬೇಡಿ ಕೂಡಿಸಿದ್ದರು. ಶಾಲೆಗೆ ಬಾರದ ಕೇರಿಯ ಮಕ್ಕಳಿಗೂ ಇವತ್ತು ಬಾಯಿ ಸಿಹಿಯಾಗಬೇಕು ಎಂದು ಅವರ ಹಟ. ನಮ್ಮ ಕೇರಿಯ ಪಾಲು ಅರ್ಧ ಸೇರು. ನಮ್ಮ ಕೇರಿಯ ಮಾಸ್ತಿ, ಆಗ ಇಪ್ಪತ್ತರ ಹುಡುಗ, ಗಾಡಿ ಹೊಡೆಯುತ್ತಿದ್ದ. ಕೇರಿಯ ಉಪ್ಪು, ಚಿಮಣಿ ಎಣ್ಣೆ, ಕಾರ್ಡಿನ ಜೋಳ ಎಲ್ಲ ಅವನ ಗಾಡಿಯಲ್ಲೇ ಬರುತ್ತಿತ್ತು. ಸಕ್ಕರೆ ಚೀಲವೂ ಅದರಲ್ಲೇ ಬಂತು. ಮಾಸ್ತಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ, ಜೈಕಾರ ಹಾಕಿಸಿದ, ಒಬ್ಬೊಬ್ಬರ ಅಂಗೈಗೆ ಒಂದೊಂದು ಚಿಟಿಕೆ ಹಾಕುತ್ತಾ ಹೋದ. ಜೋನಿಬೆಲ್ಲ ಬಿಟ್ಟರೆ ಬೇರೆ ಸಿಹಿ ಕಾಣದ ಕೇರಿ. ಉಪ್ಪೆಂದರೆ ಕಲ್ಲುಪ್ಪು; ಸಕ್ಕರೆ ಹೇಗಿರುತ್ತದೆ ಎಂದು ಅವನಿಗೂ ಗೊತ್ತಿಲ್ಲ, ಮಕ್ಕಳಿಗಂತೂ ಗೊತ್ತಿಲ್ಲ. ಬಾಯಿಗೆ ಹಾಕಿಕೊಂಡವೇ ಎಲ್ಲವೂ ಥೂ ಥೂ! ಪುಡಿ ಉಪ್ಪು! ಸಕ್ಕರೆಯನ್ನು ಪೇಟೆಯಲ್ಲಿ ಮಾರಿ ಬಂದಿದ್ದಾನೆ ಎಂದು ಊರಿಗೆಲ್ಲ ಗೊತ್ತಾಯಿತು. ಅವತ್ತಿನಿಂದ ಉಪ್ಪು ಮಾಸ್ತಿ.

ಪ್ರತಿಭಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ದುರ್ಗಮ್ಮ ನಗಲಿಲ್ಲ. ಎದ್ದು ಕೊಟ್ಟಿಗೆಗೆ ಹೋದಳು. ಅವಳಿಗೆ ಹಾಸ್ಯದ ಗಂಧವೇ ಇಲ್ಲ.

೨೬-೧೨-೧೯೯೯, ಭಾನುವಾರ

ಟೀವಿಯಲ್ಲಿ ಬರೀ ಅಪಹರಣವಾದ ವಿಮಾನದ್ದೇ ಸುದ್ದಿ. ಹೇಗೆ ಬಿಡಿಸಬೇಕು ಎಂದು ಮಂಜಪ್ಪನ ಹೋಟೆಲಿನಲ್ಲಿ ನಾನು ಮೂರು ಉಪಾಯ ಹೇಳಿದೆ. ದಿಲ್ಲಿಯವರು ಕೇಳಿಸಿಕೊಳ್ಳುವುದಿಲ್ಲ, ಅವರ ಹಣೆಬರಹ.

ಪ್ರತಿಭಾ ಮಾಸ್ತಿಯ ಮನೆಗೆ ಹೋಗಿ ಬಂದಳಂತೆ. ಕೇರಿಯ ತುದಿಯಲ್ಲಿ ಒಬ್ಬನೇ ಇರುತ್ತಾನೆ. ಕೇರಿಯವರು ಅವನ ಗಾಡಿಗೆ ಸಾಮಾನು ಕೊಡುವುದು ಬಿಟ್ಟ ಮೇಲೆ ಎತ್ತು ಮಾರಿ, ಗಾಡಿ ಮಾರಿ, ಕೂಲಿಗೆ ಹೋಗಿಯೇ ಮುದುಕನಾದವನು. ಹಳೆಯ ಕ್ರಯ ಕೇಳಲು ಹೋದ ಹುಡುಗಿಗೆ, "ಉಪ್ಪು ಮಣಕ್ಕೆ ಇಷ್ಟು, ಚಿಮಣಿ ಎಣ್ಣೆ ಡಬ್ಬಿಗೆ ಇಷ್ಟು, ಎಲ್ಲ ಗೊತ್ತಿತ್ತು ಮಗಾ. ಆದ್ರೆ ನಂದು ಬರ್ಕಬ್ಯಾಡ. ನನ್ನ ಅಳತೆ ಈ ಕೇರೀಲಿ ಯಾರೂ ನಂಬೂದಿಲ್ಲ" ಎಂದನಂತೆ. ಆಮೇಲೆ ಅವಳು ಚಪ್ಪಲಿ ಮೆಟ್ಟುವಾಗ ಕೂಗಿ ಕೇಳಿದನಂತೆ: "ನಿಮ್ಮ ದೊಡ್ಡಪ್ಪ ಈಗ್ಲೂ ಆ ಸಿನೆಮಾ ಕಥೆ ಹೇಳ್ತ್ನಾ?"

"ಹೇಳ್ತ್ರು ಅಂದೆ. ನಕ್ಕ. ಎಂತಕ್ಕೆ ದೊಡ್ಡಪ್ಪಾ?"

"ಅವನಿಗೆ ಹೊಟ್ಟೆಕಿಚ್ಚು" ಎಂದೆ.

ರಾತ್ರಿ ಊಟ ಸೇರಲಿಲ್ಲ. ಹಲಸಂಡೆ ಕಾಳು ಸರಿಯಾಗಿ ಬೆಂದಿರಲಿಲ್ಲ.

೩೧-೧೨-೧೯೯೯, ಶುಕ್ರವಾರ

ಪ್ರಪಂಚ ನಾಳೆ ನಿಲ್ಲುತ್ತದೆ. ನಿಂತರೆ ಒಂದು ರೀತಿಯಲ್ಲಿ ಒಳ್ಳೆಯದು, ಇಪ್ಪತ್ತಾರನೇ ತಾರೀಖೂ ಬರುವುದಿಲ್ಲ.

ಹೀಗೆ ಏಕೆ ಬರೆದೆ ಗೊತ್ತಿಲ್ಲ.

೧-೧-೨೦೦೦, ಶನಿವಾರ

ನಿಲ್ಲಲಿಲ್ಲ. ಕರೆಂಟು ಮಾತ್ರ ಬೆಳಿಗ್ಗೆ ಹೋಯಿತು. ಅದು ದಿನಾ ಹೋಗುತ್ತದೆ, ಅದಕ್ಕೆ ಕಂಪ್ಯೂಟರ್ ಬೇಡ.

ಗೊಬ್ಬರದ ಅಂಗಡಿಯವನು ಈ ವರ್ಷ ಡೈರಿ ಕೊಡಲಿಲ್ಲ, ಕ್ಯಾಲೆಂಡರ್ ಸುತ್ತಿ ಕೊಟ್ಟ. ಹಾಗಾಗಿ ಹಳೆಯ ಡೈರಿಯ ಮೊದಲ ಹಾಳೆಗೇ ಬಂದಿದ್ದೇನೆ. ಒಂದನ್ನು ಹೊಡೆದು ಎರಡು, ಒಂಬತ್ತುಗಳನ್ನೆಲ್ಲ ಹೊಡೆದು ಸೊನ್ನೆ ಮಾಡಿದೆ, ಶುಕ್ರವಾರ ಹೊಡೆದು ಶನಿವಾರ ಮಾಡಿದೆ. ಆದದ್ದನ್ನು ಹೀಗೆ ಒಂದು ಗೀಟು ಎಳೆದು ತಿದ್ದಬಹುದಾಗಿದ್ದರೆ ಪೆನ್ನಿಗೆ ಎಷ್ಟು ಕ್ರಯ ಬರುತ್ತಿತ್ತು.

೮-೧-೨೦೦೦, ಶನಿವಾರ

ಇವತ್ತು ಪ್ರತಿಭಾ ಬರೆದದ್ದನ್ನು ಜೋರಾಗಿ ಓದಿದಳು. ಚಂದ ಬರೆದಿದ್ದಾಳೆ. ಉಪ್ಪು ಮಾಸ್ತಿಯ ಕಥೆಗೆ ಒಂದು ಪೂರ್ತಿ ಪುಟ. ನಾನು ಹೇಳಿದ್ದಕ್ಕಿಂತ ಚಂದ, ಅದೇ ತೊಂದರೆ.

ಓದಿ ಮುಗಿದ ಮೇಲೆ ದುರ್ಗಮ್ಮ ಸೊಪ್ಪು ಸೋಸುತ್ತಾ, ತಲೆ ಎತ್ತದೆ, "ಆ ಸಾಲಲ್ಲಿ ನಾನೂ ನಿಂತಿದ್ದೆ" ಎಂದಳು.

ಮೂವತ್ತೈದು ವರ್ಷದ ಸಂಸಾರದಲ್ಲಿ ಈ ಮಾತು ನಾನು ಕೇಳಿಯೇ ಇರಲಿಲ್ಲ. ಅವಳದೂ ಇದೇ ಕೇರಿ, ಕೆಳಗಿನ ಮನೆ. ಅವಳಿಗೆ ಆಗ ಆರು ವರ್ಷ ಇರಬೇಕು.

"ಒಂದ್ ಸಲ ಅಲ್ಲ, ಎರಡು ಸಲ ನಿಂತಿದ್ದೆ" ಎಂದಳು. "ಮೊದ್ಲು ಹಾಕಿದ್ದು ಉಪ್ಪು ಅಂತ ಗೊತ್ತಾತು. ಉಗಿದೆ. ಎಲ್ಲ ಬೊಬ್ಬೆ ಹೊಡೀತಿದ್ರು. ನಾ ಮಾತ್ರ ಹೋಗಿ ಮತ್ತೆ ಕೈ ಚಾಚ್ದೆ. ಅಡೀಲಿ ಸಕ್ಕರೆ ಇದ್ರೂ ಇರ್ಬೌದಲ ಅಂತ. ಮಾಸ್ತಣ್ಣ ನನ್ನ ಕೈ ನೋಡ್ದ, ಚೀಲ ನೋಡ್ದ, ಅಲ್ಲೇ ಕೂತು ಅತ್ತುಬಿಟ್ಟ. ಅಷ್ಟು ದೊಡ್ಡ ಗಂಡಸು ಅಳೂದು ನಾ ಅದೇ ಮೊದ್ಲು ಕಂಡಿದ್ದು. ಅದ್ನ ಬರ್ಕಾ ಮಗಾ."

ಪ್ರತಿಭಾ ಬರೆದುಕೊಳ್ಳಲಿಲ್ಲ. ಅದು ಹಾಸ್ಯದ ಪುಟಕ್ಕೆ ಹೊಂದುವುದಿಲ್ಲ.

ಸರಿ. ಡೈರಿಗೆ ಬೀಗ ಇಲ್ಲ, ಆದರೆ ನನ್ನ ಅಕ್ಷರ ನನ್ನ ಬಿಟ್ಟು ಯಾರಿಗೂ ಓದಲು ಬರುವುದಿಲ್ಲ. ಬರೆದುಬಿಡುತ್ತೇನೆ.

ಸಕ್ಕರೆ ಚೀಲವನ್ನು ದೊಡ್ಡ ಮಾಸ್ತರು ಕೊಟ್ಟದ್ದು ಮಾಸ್ತಿಯ ಕೈಗಲ್ಲ, ನನ್ನ ಕೈಗೆ. ಕೇರಿಯಿಂದ ಆ ಶಾಲೆಗೆ ಹೋಗುತ್ತಿದ್ದವನು ನಾನೊಬ್ಬನೇ. "ಮಾಸ್ತಿಯ ಗಾಡಿಯಲ್ಲಿ ಇಟ್ಟು ಬಾ" ಎಂದರು. ಮಾಸ್ತಿ ಎತ್ತಿಗೆ ಲಾಳ ಹೊಡೆಸಲು ಹೋಗಿದ್ದ. ನಾನು ಗಾಡಿ ಕಾಯುತ್ತಾ ನಿಂತಿದ್ದೆ. ಎದುರಿಗೇ ಟೆಂಟು. ಅದರ ಪಕ್ಕದಲ್ಲಿ ಚಾದಂಗಡಿ. ಟೆಂಟಿನವರು ಆ ಅಂಗಡಿಯವನಲ್ಲೇ ಉಣ್ಣುತ್ತಿದ್ದರು, ಅವನ ಹತ್ತಿರ ಪುಕ್ಕಟೆ ಟಿಕೇಟು ಇರುತ್ತಿದ್ದವು. ಬೆಲ್ಲದ ಚಾ ಮಾಡಿ ಮಾಡಿ ಕಚೇರಿಯವರ ಹತ್ತಿರ ಬೈಸಿಕೊಂಡು ಸಾಕಾದವನು, ನನ್ನ ಚೀಲದ ಬಾಯಿ ಕಂಡ. ಬೆಂಚಿನ ಟಿಕೇಟು ಒಂದು, ಸಕ್ಕರೆ ಹಾಕಿದ ಚಾ ಒಂದು ಎಂದ. ಚೀಲ ಬರಿದಾಗಿ ಹೋಗಬಾರದು, ಅಷ್ಟೇ ತೂಕದ ಪುಡಿ ಉಪ್ಪು ತುಂಬಿಕೊಡು ಎಂದವನು ನಾನು. ಆ ಉಪಾಯ ಪೂರ್ತಿ ನನ್ನದು. ಹನ್ನೆರಡು ವರ್ಷದ ಹುಡುಗನಿಗೆ ಅಷ್ಟು ಬುದ್ಧಿ ಇತ್ತು ಎಂದು ಇಲ್ಲಿ ಬರೆಯಲು ಹೊರಟೆ, ಬರೆದ ಮೇಲೆ ಓದಿದರೆ ಬುದ್ಧಿ ಎಂಬ ಶಬ್ದ ಅಲ್ಲಿ ಕೂರುತ್ತಿಲ್ಲ.

ಚೀಲ ಗಾಡಿಯಲ್ಲಿಟ್ಟೆ. ಮಾವನ ಮನೆಯಲ್ಲಿ ಉಳಿಯುತ್ತೇನೆ ಎಂದು ಮಾಸ್ತಿಗೆ ಹೇಳಿ ಸಂಜೆಯ ಆಟಕ್ಕೆ ನುಗ್ಗಿದೆ.

ಮರುದಿನ ಕೇರಿಗೆ ಬಂದರೆ ಪಂಚಾಯ್ತಿ ಕೂತಿತ್ತು. "ಚೀಲ ಕಟ್ಟಿ ಕೊಟ್ಟಿದ್ದು ಈ ಹುಡುಗ" ಎಂದ ಮಾಸ್ತಿ. "ನಾನು ಕಟ್ಟಿದ್ದು ಸಕ್ಕರೆಯೇ" ಎಂದೆ ನಾನು. ಶಾಲೆಗೆ ಹೋಗುವ ಮಗುವಿನ ಮೇಲೆ ಹಾಕುತ್ತೀಯಾ ಎಂದು ಹತ್ತು ಜನ ಅವನ ಮೇಲೇ ಏರಿಹೋದರು. ಅವನು ನನ್ನನ್ನು ನೋಡಿದ. ಮತ್ತೆ ಏನೂ ಹೇಳಲಿಲ್ಲ. ಐವತ್ತು ವರ್ಷದಲ್ಲಿ ಒಂದು ಸಲವೂ ಹೇಳಲಿಲ್ಲ. ಅದೇ ನನಗೆ ಆಗದ್ದು. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಲೆವೆಲ್ ಆಗುತ್ತಿತ್ತು.

ಕಂಟ್ರೋಲಿನ ಕಾಲ, ಮಕ್ಕಳ ಬುದ್ಧಿ, ಇಡೀ ಪೇಟೆಯೇ ಕಳ್ಳವ್ಯಾಪಾರ ಮಾಡುತ್ತಿತ್ತು. ಇಷ್ಟೆಲ್ಲ ಕಾರಣ ಇದೆ. ಬರೆದಿಟ್ಟಿದ್ದೇನೆ.

೧೫-೧-೨೦೦೦, ಶನಿವಾರ

ಸಂಕ್ರಾಂತಿ. ಮನೆಮನೆಗೆ ಸಂಕ್ರಾಂತಿ ಕಾಳು ಕೊಟ್ಟು ಬರುವ ದಿನ. ದುರ್ಗಮ್ಮ ಎಳ್ಳಿನ ಮೇಲೆ ಸಕ್ಕರೆ ಪಾಕ ಏರಿಸಿ ಏರಿಸಿ ಮುಳ್ಳುಮುಳ್ಳಾಗಿ ಚಂದ ಮಾಡಿದ್ದಾಳೆ. ಮಾಸ್ತಿಯ ಮನೆಯ ಪಾಲು ನಾನೇ ಕೊಟ್ಟು ಬರುತ್ತೇನೆ ಎಂದೆ. ಅವಳು ನನ್ನ ಹಣೆ ಮುಟ್ಟಿ ಜ್ವರ ಇದೆಯಾ ನೋಡಿದಳು.

ಮಾಸ್ತಿ ಅಂಗಳದಲ್ಲಿ ಹಿಡಿಸೂಡಿ ಕಟ್ಟುತ್ತಿದ್ದ. ಕೂರು ಎಂದ. ಕಾಳಿನ ಪೊಟ್ಟಣ ಕೊಟ್ಟೆ. ಬಿಚ್ಚಿದ. ಒಂದೇ ಒಂದು ಕಾಳು ತೆಗೆದು ನಾಲಗೆಯ ತುದಿಗೆ ಮುಟ್ಟಿಸಿ, ಕಣ್ಣು ಮುಚ್ಚಿ, ಕಾದ.

"ಎಂತದು?" ಎಂದೆ.

"ಅಭ್ಯಾಸ ಮಾರಾಯ. ಬೆಳ್ಳಗಿದ್ದಿದ್ದು ಯಾವ್ದಾದ್ರೂ ಮೊದ್ಲು ಮುಟ್ಸಿ ನೋಡ್ತೆ. ಐವತ್ತು ವರ್ಷ ಆತು." ಆಮೇಲೆ ಉಳಿದದ್ದನ್ನು ಬಾಯಿಗೆ ಹಾಕಿಕೊಂಡ. "ಸಿಹಿನೇ. ದುರ್ಗಿ ಕೈ ಚಲೋ ಇದ್ದು."

ಹೇಳಿಬಿಡಬೇಕು ಎಂದೇ ಹೋಗಿದ್ದೆ. ಬಾಯಿ ತೆರೆದೆ. ಅದರಿಂದ ಬಂದದ್ದು ಇದು: "ಇಪ್ಪತ್ತಾರಕ್ಕೆ ನಂಗೆ ಶಾಲು ಹೊದಿಸ್ತ್ರು. ನೀನೂ ಬಾ."

"ಕರೆಯೋಕೆ ಬಂದ್ಯಾ?"

"ಹ್ಞೂಂ."

"ಬತ್ತೆ ಬಿಡು. ನಂಗೂ ಕಾಲು ಆಡ್ಸಿದ ಹಂಗಾತು."

ಈ ಬಾಯಿ ಐವತ್ತು ವರ್ಷ ನನ್ನನ್ನು ಸಾಕಿದೆ. ಇವತ್ತು ಮಾತ್ರ ಒಡೆಯ ಯಾರು ಎಂಬುದೇ ಅದಕ್ಕೆ ಮರೆತುಹೋಯಿತು.

೨೧-೧-೨೦೦೦, ಶುಕ್ರವಾರ

ಪ್ರತಿಭಾಗೆ ತಾಲೂಕಿಗೇ ಮೊದಲ ಬಹುಮಾನ. ಸಂತೋಷ. ಇಪ್ಪತ್ತಾರಕ್ಕೆ ನನ್ನ ಭಾಷಣ ಆದ ಮೇಲೆ ಅವಳು ಪ್ರಬಂಧವನ್ನು ಮೈಕಿನಲ್ಲಿ ಓದುತ್ತಾಳಂತೆ. ಸಂತೋಷ.

"ಆ ಉಪ್ಪಿನ ಪುಟ ಬಿಟ್ಟು ಓದು" ಎಂದೆ.

"ಎಂತಕ್ಕೆ? ತೀರ್ಪುಗಾರರಿಗೆ ಅದೇ ಎಲ್ಲಕ್ಕಿಂತ ಹಿಡಿಸಿದ್ದು."

"ಹಾಸ್ಯ ಜಾಸ್ತಿ ಆತು."

"ನೀವು ಹಿಂಗೆ ಹೇಳ್ತ್ರಾ ದೊಡ್ಡಪ್ಪಾ!"

ನಾಗಪತಿ ಮಾಸ್ತರ ಮನೆಗೇ ಹೋದೆ. ಒಬ್ಬ ಬಡವನ ಮನಸ್ಸು ನೋಯಬಾರದು ಎಂದು ಭಾರಿ ದೊಡ್ಡ ಮನುಷ್ಯನ ಹಾಗೆ ಹೇಳಿದೆ. "ನಡೆದದ್ದು ನಡೆದ ಹಾಗೆ ಬರೆದಿದ್ದಾಳೆ. ಇತಿಹಾಸ ಅಂದಮೇಲೆ ಅಡಗಿಸುವುದು ಸರಿಯಲ್ಲ, ಅಲ್ಲವಾ ಕೆರಿಯಪ್ಪನವರೇ?" ಎಂದರು. ಅಲ್ಲವಾ ಎಂದರೆ ನಾನು ಏನು ಹೇಳಲಿ, ಹೌದು ಎಂದು ಬಂದೆ.

ಮಾಸ್ತಿಯನ್ನು ಕರೆದು ಬಂದವನೂ ನಾನೇ. ಅವನು ಮುಂದೆ ಕೂತು, ತನ್ನ ಕಥೆಯನ್ನು ಮೈಕಿನಲ್ಲಿ ಕೇಳಬೇಕು. ಇಷ್ಟು ದಿನ ಹೋಟೆಲಿಗೆ ಸೀಮಿತ ಇದ್ದದ್ದು ಇನ್ನು ತಾಲೂಕಿಗೆ. ಇಂಥ ಏರ್ಪಾಟು ನನ್ನ ಬಿಟ್ಟು ಬೇರೆ ಯಾರಿಗೂ ಮಾಡಲು ಬರುವುದಿಲ್ಲ.

೨೫-೧-೨೦೦೦, ಮಂಗಳವಾರ

ಭಾಷಣ ಬಾಯಿಪಾಠ ಮಾಡಿದೆ. ದನ ಕೇಳಿತು. ಗಂಟಲು ಸರಿ ಇದೆ, ಆದರೂ ದುರ್ಗಮ್ಮ ಕರಿಮೆಣಸಿನ ಕಷಾಯ ಕೊಟ್ಟಳು. ಕೇಳದೆ ಕೊಟ್ಟಳು. ಮೂವತ್ತೈದು ವರ್ಷ ಹೀಗೇ ಕೊಡುತ್ತಿದ್ದಳೇನೋ, ನಾನು ನೋಡಿದ್ದು ಇವತ್ತು.

೨೬-೧-೨೦೦೦, ಬುಧವಾರ

ಪೆಂಡಾಲು, ಬಣ್ಣದ ಕಾಗದ, ಹೊಯ್ಕೊಳ್ಳುವ ಮೈಕು. ಬಾವುಟ ಹಾರಿತು, ಗಂಟು ಸಿಕ್ಕಿಕೊಂಡು ಮೂರನೇ ಎಳೆತಕ್ಕೆ. ಮಾಸ್ತಿ ತೊಳೆದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಕೊನೆಯ ಸಾಲಿನಲ್ಲಿ, ಕಂಬಕ್ಕೆ ಒರಗಿ ಕೂತಿದ್ದ. ದುರ್ಗಮ್ಮ ಹೆಂಗಸರ ಕಡೆ ಎರಡನೇ ಸಾಲು.

ನನ್ನ ಸರದಿ ಬಂತು. ನಿಜ ಹೇಳುತ್ತೇನೆ, ಭಾಷಣ ಭಾರಿ ಚಲೋ ಶುರುವಾಯಿತು. ತೂತಿನ ದುಡ್ಡು, ಚೌಕದ ಎರಡಾಣೆ, ಮಂಜರಪಾಟಿನ ಅಂಗಿ ಒಂದಕ್ಕೆ ಎಷ್ಟು, ಬಸ್ಸಿಗೆ ಎಷ್ಟು. ಮಕ್ಕಳು ಚಪ್ಪಾಳೆ ಹೊಡೆದೇ ಹೊಡೆದರು. ಆಮೇಲೆ ಹೋಟೆಲಿನ ಆಟವನ್ನೇ ಆಡೋಣ, ನೀವು ಕೂಗಿ ನಾನು ಹೇಳುತ್ತೇನೆ ಎಂದೆ. ಬಂಗಾರ ಎಂದರು, ಹೇಳಿದೆ. ಚಾ ಎಂದರು, ಹೇಳಿದೆ. ಅಕ್ಕಿ ಎಂದು ಒಬ್ಬ ಹುಡುಗ ಕೂಗಿದ. ರೂಪಾಯಿಗೆ ಎಂಟು ಸೇರು ಎನ್ನಬೇಕು, ದುರ್ಗಮ್ಮನ ಮುಖ ಕಂಡಿತು, "ಅಕ್ಕಿ ಇರಲಿಲ್ಲ. ಗೆಣಸು ತಿನ್ನುತ್ತಿದ್ದೆವು" ಎಂದುಬಿಟ್ಟೆ. ಹೇಗೆ ಬಂತೋ ಗೊತ್ತಿಲ್ಲ. ಸಭೆ ಸ್ವಲ್ಪ ತಣ್ಣಗಾಯಿತು.

ಆಗ ಮಂಜಪ್ಪ ಹಿಂದಿನಿಂದ, ಬೇಕೆಂದೇ, ಮಾಸ್ತಿಯ ಕಡೆ ಕಣ್ಣು ಹೊಡೆಯುತ್ತಾ ಕೂಗಿದ: "ಸಕ್ಕರೆ! ಸಕ್ಕರೆಗೆ ಎಷ್ಟು ಕೆರಿಯಣ್ಣಾ?"

ಇಡೀ ಕೇರಿ ಹೋ ಎಂದು ನಕ್ಕಿತು. ಎಲ್ಲರ ಕುತ್ತಿಗೆಯೂ ಕಂಬದ ಕಡೆ ತಿರುಗಿತು. ಮಾಸ್ತಿಯೂ ನಕ್ಕ. ನಗಬೇಕಾಗಿ ಬಂದಾಗ ನಗುವ ನಗೆ ಅದು, ನನಗೆ ಗೊತ್ತು, ಐವತ್ತು ವರ್ಷ ನಾನೇ ಅವನಿಂದ ನಗಿಸಿದ್ದೇನೆ.

ಮೈಕು ಬಾಯಿಯ ಹತ್ತಿರವೇ ಇತ್ತು.

"ಅರ್ಧ ಸೇರು ಸಕ್ಕರೆಗೆ," ಎಂದೆ, "ಟೆಂಟಿನ ಬೆಂಚ್ ಟಿಕೇಟು ಒಂದು. ಚಾ ಒಂದು. ಮೇಲೆ ಚೀಲ ತುಂಬಲು ಅರ್ಧ ಸೇರು ಪುಡಿ ಉಪ್ಪು."

ಯಾರಿಗೂ ಅರ್ಥವಾಗಲಿಲ್ಲ. ಮೊದಲು ಅರ್ಥವಾದದ್ದು ದುರ್ಗಮ್ಮನಿಗೆ. ಅವಳು ಎದ್ದು ನಿಂತಳು.

"ಆ ಕ್ರಯಕ್ಕೆ ಕೊಟ್ಟವನು ಮಾಸ್ತಿ ಅಲ್ಲ, ನಾನು" ಎಂದೆ. "ಚೀಲ ನನ್ನ ಕೈಯಲ್ಲಿತ್ತು. ಮರುದಿನ ಪಂಚಾಯ್ತಿಯಲ್ಲಿ ಸುಳ್ಳು ಹೇಳಿದವನೂ ನಾನೇ."

ಐವತ್ತು ವರ್ಷದಲ್ಲಿ ನಾನು ಮಾತಾಡಿ ಮುಗಿಸಿದ ಮೇಲೆ ಇಷ್ಟು ಸದ್ದಿಲ್ಲದೆ ಇದ್ದದ್ದು ಇದೇ ಮೊದಲು. ಮಾಸ್ತಿ ಎದ್ದ. ಕಂಬ ಹಿಡಿದುಕೊಂಡೇ, ಅಷ್ಟು ದೂರದಿಂದ, ಗಾಡಿ ಹೊಡೆಯುವವನ ಗಂಟಲಲ್ಲಿ ಕೇಳಿದ:

"ಸಿನೆಮಾ ಹೆಂಗಿತ್ತಾ ಕೆರಿಯಾ?"

ಬೈಯುತ್ತಾನೆ ಎಂದುಕೊಂಡಿದ್ದೆ.

"ಅರ್ಧ" ಎಂದೆ. "ಅರ್ಧಕ್ಕೇ ಮಿಷನ್ ಕೆಟ್ಟಿತು. ದುಡ್ಡು ಕೊಟ್ಟವರಿಗೆ ದುಡ್ಡು ವಾಪಸು ಕೊಟ್ಟರು. ನನಗೆ ಏನು ವಾಪಸು ಕೊಡುತ್ತಾರೆ?"

"ಹಂಗಾರೆ ಆ ಕತ್ತಿವರಸೆ?"

"ನಾನೇ ಮಾಡಿದ್ದು."

ಮಾಸ್ತಿ ತಲೆ ಅಲ್ಲಾಡಿಸಿದ. "ಅದೇ ಚಲೋ ಇತ್ತು" ಎಂದ. ಹೆಗಲ ಮೇಲಿನ ಪಂಚೆ ಸರಿಮಾಡಿಕೊಂಡು, ಯಾರನ್ನೂ ನೋಡದೆ, ಕೇರಿಯ ದಾರಿ ಹಿಡಿದು ಹೋದ.

ಮುಂದಿನದು ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ. ಕಾರ್ಯಕ್ರಮ ಪಟ್ಟಿಯಲ್ಲಿ ಇದ್ದದ್ದು ಆಗಲೇಬೇಕು ಎಂದು ನನಗೆ ಶಾಲು ಹೊದೆಸಿದರು. ನಾಗಪತಿ ಮಾಸ್ತರು ನನ್ನ ಮುಖ ನೋಡದೆ ಹೊದೆಸಿದ್ದರಿಂದ ಅರ್ಧ ತಲೆ ಮೇಲೆ ಬಿತ್ತು. ಝರಿಯದ್ದೇ. ಆಮೇಲೆ ಪ್ರತಿಭಾ ಪ್ರಬಂಧ ಓದಿದಳು. ಉಪ್ಪಿನ ಪುಟ ಬಂದಾಗ ನಿಂತು, ಜೇಬಿನಿಂದ ಪೆನ್ನು ತೆಗೆದು, ಎಲ್ಲರೆದುರಿಗೆ ಎರಡು ಗೀಟು ಎಳೆದಳು. "ಇಲ್ಲೊಂದು ತಿದ್ದುಪಡಿ ಇದೆ" ಎಂದು, ಮಾರಿದವನು ಮಾಸ್ತಿ, ಉಪ್ಪು ಮಾಸ್ತಿ ಎಂದಿದ್ದ ಕಡೆಯಲ್ಲೆಲ್ಲ ಕೆರಿಯಪ್ಪ ಎಂದು ಓದಿದಳು. ಕೊನೆಗೆ, ಬರೆದಿರದಿದ್ದ ಒಂದು ಮಾತು ಬಾಯಿಂದಲೇ ಸೇರಿಸಿದಳು: ಆರು ವರ್ಷದ ಹುಡುಗಿ ಎರಡನೇ ಸಲ ಕೈ ಚಾಚಿದ್ದು. ಅಲ್ಲಿ ಯಾರೂ ನಗಲಿಲ್ಲ.

ದುರ್ಗಮ್ಮ ನನಗಿಂತ ಮೊದಲೇ ಮನೆಗೆ ಬಂದಿದ್ದಳು. ಊಟ ಬಡಿಸಿದಳು. ಪಲ್ಯಕ್ಕೆ ಉಪ್ಪು ಹಾಕಿರಲಿಲ್ಲ. ನಾನೂ ಕೇಳಲಿಲ್ಲ.

೨೮-೧-೨೦೦೦, ಶುಕ್ರವಾರ

ಉಪ್ಪಿನ ಹೆಸರು ಬಂದು ನನ್ನ ತಲೆಗೆ ಕೂತಿದೆ. ನಿನ್ನೆ ಹೋಟೆಲಿನಲ್ಲಿ ಮಂಜಪ್ಪ, "ಚಾಕ್ಕೆ ಉಪ್ಪು ಎಷ್ಟು ಚಮಚ ಕೆರಿಯಣ್ಣಾ?" ಎಂದ. ಎಲ್ಲ ನಕ್ಕರು. ನಾನೂ ನಕ್ಕೆ. ಆ ನಗೆ ಒಳಗಿನಿಂದ ಹೇಗಿರುತ್ತದೆ ಎಂದು ಈಗ ತಿಳಿಯಿತು. ಚಾದ ದುಡ್ಡು ನಾನೇ ಕೊಟ್ಟೆ.

ದುರ್ಗಮ್ಮ ಎರಡು ದಿನದಿಂದ ಬೇಕಾದಷ್ಟೇ ಮಾತಾಡುತ್ತಾಳೆ: ಏಳಿ, ಉಣ್ಣಿ, ದನ ಬಿಡಿ.

ಇವತ್ತು ಬೆಳಿಗ್ಗೆ ನಾನು ಜಗಲಿಯಲ್ಲಿ ಹಲ್ಲುಜ್ಜುತ್ತಿದ್ದೆ. ಮಾಸ್ತಿ ಎಂಟರ ಬಸ್ಸಿಗೆಂದು ನಮ್ಮ ಮನೆಯ ಮುಂದಿನ ದಾರಿಯಲ್ಲಿ ಹೋಗುತ್ತಿದ್ದ. ನಾನು ಜಗಲಿಯ ಮೂಲೆಯಲ್ಲಿದ್ದ ಕಂಬಳಿಯ ಕಡೆ ತಿರುಗಿ ಏನೋ ಹುಡುಕುವವನ ಹಾಗೆ ಮಾಡಿದೆ. ಒಳಗಿನಿಂದ ದುರ್ಗಮ್ಮ ಒದ್ದೆ ಕೈಯಲ್ಲೇ ಓಡಿಬಂದಳು.

"ಮಾಸ್ತಣ್ಣಾ, ಪೇಟಿಗ್ ಹೊಂಟ್ಯಾ?"

"ಹೌದೇ. ಎಂತಕ್ಕೆ?"

"ಒಂದ್ ಕೇಜಿ ಸಕ್ಕರೆ ತಗಂಡ್ ಬಾ. ಚಾಕ್ಕೆ ಇಲ್ಲೆ."

ಡಬ್ಬಿಯಲ್ಲಿ ಸಕ್ಕರೆ ಇತ್ತು. ನಿನ್ನೆ ನಾನೇ ನೋಡಿದ್ದೆ. ಆದರೆ ನನ್ನ ಬಾಯಿಯಲ್ಲಿ ಹಲ್ಲುಪುಡಿ ಇತ್ತು.

ಮಾಸ್ತಿ ಅಲ್ಲೇ ನಿಂತ. ಅವಳು ಚಾಚಿದ ಕೈಚೀಲವನ್ನು, ಅದರಲ್ಲಿದ್ದ ನೋಟನ್ನು ನೋಡಿದ. ಬಸ್ಸು ತಿರುವಿನಲ್ಲಿ ಹಾರ್ನು ಹೊಡೆಯಿತು. ಚೀಲವನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡು, "ದಪ್ಪಂದಾ, ಸಣ್ಣಂದಾ?" ಎಂದು ಕೇಳಿದ.

"ನಿಂಗೆ ಯಾವ್ದು ಚಲೋ ಕಾಣ್ತೋ ಅದು."

ಸಂಜೆ ತಂದುಕೊಟ್ಟ. ದುರ್ಗಮ್ಮ ಪೊಟ್ಟಣ ಬಿಚ್ಚಿ, ನಾಲಗೆಗೆ ಮುಟ್ಟಿಸದೆ, ನೋಡದೆ, ಸೀದಾ ಡಬ್ಬಿಗೆ ಸುರಿದಳು. ಮಾಸ್ತಿ ಅದನ್ನು ಕೊನೆಯ ಹರಳಿನವರೆಗೂ ನೋಡಿದ. ಆಮೇಲೆ ಜಗಲಿಯ ತುದಿಯಲ್ಲಿ ಕೂತ. ಮೂರು ಲೋಟ ಚಾ ಬಂತು. ನಾನು ಕೆಮ್ಮಿದೆ, ಏನೋ ಹೇಳಬೇಕಿತ್ತು. ಅವನು ತಡೆದ. "ನೀ ಸುಮ್ನೆ ಕೂರಾ. ಅರ್ಧ ಆದ್ರೂ ನೋಡಿದ್ಯಲ, ಅಷ್ಟು ಹೇಳು. ಸೇರ್ಸಬ್ಯಾಡ."

ಹೇಳಿದೆ. ರಾಜ, ಕುದುರೆ, ರಾಣಿ ಅಳುತ್ತಾ ಕಿಟಕಿಯ ಹತ್ತಿರ ಬರುತ್ತಾಳೆ, ಅಷ್ಟರಲ್ಲಿ ಪರದೆ ಬೆಳ್ಳಗಾಗುತ್ತದೆ. ಐದು ನಿಮಿಷಕ್ಕೆ ಮುಗಿಯಿತು. ಐವತ್ತು ವರ್ಷದ ಕಥೆ, ಇಷ್ಟೇ ಉದ್ದ ಇತ್ತು ಎಂದು ನನಗೇ ಗೊತ್ತಿರಲಿಲ್ಲ. ದುರ್ಗಮ್ಮ ಬಾಗಿಲಿಗೆ ಒರಗಿ ಕೇಳಿದಳು. ರಾಣಿ ಯಾಕೆ ಅಳುತ್ತಿದ್ದಳು ಎಂದು ಕೇಳಿದಳು. ಗೊತ್ತಿಲ್ಲ ಎಂದೆ.

ಇಷ್ಟು ಬರೆದ ಮೇಲೆ ನೆನಪಾಯಿತು: ಸಕ್ಕರೆ ಕೇಜಿಗೆ ಈಗ ಎಷ್ಟು ಎಂದು ಮಾಸ್ತಿಯನ್ನು ಕೇಳುವುದೇ ಮರೆತುಹೋಯಿತು.